ಮೆಣಸಿನ ತಕ್ಕಡಿ

ಆಸ್ಪತ್ರೆಯ ತೂಕದ ಯಂತ್ರ ಕೆಟ್ಟು ಮೂರು ತಿಂಗಳು.
ಸುಂಟಿಕೊಪ್ಪದ ಮೆಣಸಿನ ಮಂಡಿಯಿಂದ
ಅಂದುಞಿ ಕಾಕ ತನ್ನ ತಕ್ಕಡಿಯನ್ನೇ ಜೀಪಿಗೇರಿಸಿ ತಂದ,
ಜೊತೆಗೆ ತಾನೂ ಬಂದ: ಅದರ ಮುಳ್ಳು
ಬೇರೆಯವರ ಕೈಗೆ ಬಗ್ಗುವುದಿಲ್ಲವಂತೆ.

ಬೆಳಗಿನ ಐದೂವರೆ. ಹಾರಂಗಿಯ ಹಿನ್ನೀರಿನಲ್ಲಿ
ಮಂಜು ಇನ್ನೂ ಎದ್ದಿರಲಿಲ್ಲ.
ರಬ್ಬರ್ ಟೋಪಿಯ ಇನ್ನೂರ ಹನ್ನೊಂದು ತಲೆಗಳು
ಒಂದೊಂದಾಗಿ ಹತ್ತಿ ಇಳಿದವು.
ಚೀಲಗಳಿಗೆ ಒಗ್ಗಿದ ಹಲಗೆ
ಬರಿಗಾಲು ತಾಗಿ ಕಿರ್ರೆಂದಿತು.
ಅವರವರ ಕೈಪಟ್ಟಿಯ ಮೇಲೆ ನಾನು ಅಂಕಿ ಬರೆದೆ.
ನೂರ ಮೂವತ್ತಾರು: ನೀಲಗಂಗಾ, ಗದಗ.
ಐವತ್ತೆಂಟು ಕಿಲೋ ಇನ್ನೂರು ಗ್ರಾಂ.
"ಮೆಣಸಾಗಿದ್ದರೆ ಒಂದೊಳ್ಳೆ ಸೈಕಲ್ ಬರುತ್ತಿತ್ತು"
ಎಂದ ಕಾಕ. ಅವಳು ನಕ್ಕು ನೀರಿಗಿಳಿದಳು.

ಆಮೇಲೆ ಹಗಲೆಲ್ಲ ಡೇರೆಗೆ ಬಂದದ್ದು ಸಣ್ಣಪುಟ್ಟವು.
ತೊಡೆ ಹಿಡಿದುಕೊಂಡವನು. ಗುಳ್ಳೆಯೆದ್ದ ಹಿಮ್ಮಡಿ.
ಆನೆಕಾಡಿನ ತಿರುವಿನಲ್ಲಿ ಸೈಕಲ್ ಜಾರಿ
ಮೊಣಕೈ ಸುಲಿದುಕೊಂಡ ಹುಡುಗ.
ಗುರಿ ಮುಟ್ಟಿ ನಿಂತೊಡನೆ ಕುಸಿದವರ
ಕಾಲೆತ್ತಿ ಕುರ್ಚಿಯ ಮೇಲಿಟ್ಟರೆ ಸಾಕು,
ಕೆಳಗಿಳಿದ ರಕ್ತ ತಾನೇ ಮನೆಯ ದಾರಿ ಹಿಡಿಯುತ್ತದೆ.
ಮೈ ಕಾದವನೊಬ್ಬ ಐಸಿನ ತೊಟ್ಟಿಯಲ್ಲಿ ಕೂತು
ನನ್ನ ಏಳು ತಲೆಮಾರನ್ನು ಬೈದ;
"ಸಾರಿ ಸಿಸ್ಟರ್" ಎಂದಾಗ ಹೊರಗೆತ್ತಿದೆವು.

ಸಂಜೆ ಆರೂ ಇಪ್ಪತ್ತಕ್ಕೆ ನೂರ ಮೂವತ್ತಾರನ್ನು
ಇಬ್ಬರು ತೋಳು ಕೊಟ್ಟು ತಂದರು.
ಉಂಗುರ ಬೆರಳಿನ ಮಾಂಸದೊಳಗೆ ಹುದುಗಿತ್ತು.
"ಇದು ಯಾವ ಸ್ಟೇಷನ್?" ಎಂದು ಕೇಳಿದಳು,
ರೈಲೇ ಇಲ್ಲದ ಜಿಲ್ಲೆಯಲ್ಲಿ.
ಆಮೇಲೆ "ನೀರು" ಎಂದಳು.

ಗಂಡ ಬಾಟಲಿ ಚಾಚಿದ. ಡಾಕ್ಟರ್ ದೇಚಮ್ಮ,
ಓದು ಮುಗಿಸಿ ಎರಡೇ ತಿಂಗಳಾದವಳು,
ಒಂದು ಲೀಟರಿನ ಡ್ರಿಪ್ ತೂಗಿಹಾಕಲು ಕೈಯೆತ್ತಿದ್ದಳು.
ತುಟಿ ಒಡೆದಿತ್ತು, ಕೆನ್ನೆಯ ಮೇಲೆ
ಬೆವರು ಬಿಳಿ ಗೆರೆ ಕೊರೆದಿತ್ತು,
ಯಾರಾದರೂ ನೀರನ್ನೇ ಕೊಡುತ್ತಿದ್ದರು.
ಮೊದಲು ತೂಗಿ, ಎಂದೆ.

ಅರವತ್ತು ಕಿಲೋ ನೂರು ಗ್ರಾಂ.
ಕಾಕ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದ.
"ಬೆಳಗಿಗಿಂತ ಸಂಜೆ ಹೆಚ್ಚು ತೂಗಿದರೆ
ಸರಕಿಗೆ ನೀರು ಹೊಡೆದಿದ್ದಾರೆ, ಸಿಸ್ಟರೇ."

ಯಾರೂ ಹೊಡೆದಿರಲಿಲ್ಲ. ದಾರಿಯುದ್ದ ಮೇಜು ಹಾಕಿ
ಶಾಲೆಯ ಮಕ್ಕಳು ಪ್ರೀತಿಯಿಂದ ಲೋಟ ನೀಡಿದ್ದರು,
ಒಂದನ್ನೂ ಅವಳು ಬೇಡವೆಂದಿರಲಿಲ್ಲ.
ಲೋಟಕ್ಕೊಂದಿಷ್ಟು ನೆತ್ತರಿನ ಉಪ್ಪು ತೆಳುವಾಗಿ
ಈಗ ತಲೆಯೊಳಗೆ ಮಿದುಳು
ನೆನೆಹಾಕಿದ ಕಡಲೆಯಂತೆ ಊದುತ್ತಿತ್ತು.

"ಕಾವೇರಿ ಹುಟ್ಟಿದ ನೆಲದಾಗ
ಬಾಯಾರಿದಾಕಿಗೆ ನೀರಿಲ್ಲೇನು?" ಗಂಡ ಕೂಗಿದ.
ಅವನ ಮಾತು ತಪ್ಪೇನಲ್ಲ. ನಮ್ಮ ಮನೆಯಲ್ಲಿ
ನೀರು ಕೇಳಿದವರಿಗೆ ಬೆಲ್ಲವನ್ನೂ ಇಡುತ್ತಾರೆ.
ನಾನು ಬಾಟಲಿ ಕಿತ್ತು ಮೇಜಿನಡಿ ತಳ್ಳಿದೆ.

ದೇಚಮ್ಮ ದೊಡ್ಡ ಬಾಟಲಿ ಇಳಿಸಿದಳು,
ಗಟ್ಟಿ ಉಪ್ಪುನೀರಿನ ಚಿಕ್ಕದನ್ನು ಹುಡುಕಿದಳು.
ನೂರು ಮಿಲಿ. ಒಂದು ಕಾಫಿ ಲೋಟದಷ್ಟು.
ಹತ್ತು ನಿಮಿಷ. ಹೊರಗೆ ಮೈಕು
ಯಾರದೋ ಹೆಸರನ್ನು ತಪ್ಪಾಗಿ ಕೂಗುತ್ತಿತ್ತು.
ಮತ್ತೊಂದು ನೂರು.
ಹೆಸರೇನು, ಎಂದೆ. ಹೆಸರೇನು.
ಮೂರನೆಯ ಸಲಕ್ಕೆ ಕಣ್ಣು ನಿಂತು,
"ನೀಲಗಂಗಾ. ಗದಗ ಅಂಚೆ ಕಚೇರಿ.
ಐದು ಎಂಟು ಎರಡು, ಒಂದು ಸೊನ್ನೆ ಒಂದು."
ಗಂಡ ನೆಲದ ಮೇಲೇ ಕೂತುಬಿಟ್ಟ.

ಅರ್ಧ ಗಂಟೆಯ ಮೇಲೆ ಅವಳು ನನ್ನ ಕೈ ಜಗ್ಗಿ
ಮೆಲ್ಲಗೆ ಹೇಳಿದಳು, ಮೂತ್ರಕ್ಕೆ ಹೋಗಬೇಕು.
ಡೇರೆಯಲ್ಲಿದ್ದ ನಾಲ್ವರೂ ಚಪ್ಪಾಳೆ ತಟ್ಟಿದೆವು.
ಮೊದಲು ಬಂದವನಿಗೂ ಅಷ್ಟು ಬಿದ್ದಿರಲಿಲ್ಲ.

ಮರುದಿನ ತಕ್ಕಡಿ ಮಂಡಿಗೆ ಮರಳಿತು.
ಬಾಡಿಗೆ ಎಷ್ಟೆಂದರೆ ಕಾಕ ತಲೆಯಾಡಿಸಿದ,
"ಆಕೆ ಬೆಳಗ್ಗೆ ಎಷ್ಟು ತೂಗಿದಳು?"
ಹೇಳಿದೆ: ಐವತ್ತೆಂಟು, ನಾನೂರು.
ಲೆಕ್ಕದ ಪುಸ್ತಕ ಬಿಚ್ಚಿ
ಮಾದಾಪುರದ ಎರಡು ಚೀಲಗಳ ಕೆಳಗೆ ಬರೆದುಕೊಂಡ.
ದರದ ಮನೆಯನ್ನು ಖಾಲಿ ಬಿಟ್ಟ.