ಕರಿಕಾಳು

ಮೂರು ಬಟ್ಟಲು. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ.
ಬೇರೆ ಯಾವುದೆಂದು ಹೇಳುವುದೇ ನನ್ನ ಕೆಲಸ.
ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ.
ತಪ್ಪಿದ್ದು ಎರಡು ಸಲ. ಆ ಎರಡರ ತಾರೀಖು
ಈಗಲೂ ಬಾಯಿಪಾಠ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸು, ಮಹಡಿಯ ಕೋಣೆ,
ಗೋಡೆಯ ಮೇಲೆ ಸರ್ಟಿಫಿಕೇಟು: ಸಿ. ಜಲಜ.
ಧೂಳೊರೆಸುವ ನೆಪದಲ್ಲಿ ದಿನಕ್ಕೊಮ್ಮೆ ಓದುತ್ತೇನೆ,
ಬೇರೆ ಯಾರದೋ ಇರಬಹುದು.

ಈ ನೆಲದ ಕೆಳಗೇ
ಅಮ್ಮ ಇಪ್ಪತ್ತಾರು ವರ್ಷ ಕೂತಿದ್ದಳು ಬೆಲ್ಟಿನ ಪಕ್ಕ,
ಹರಿದು ಬರುವ ಕಾಳಿನಲ್ಲಿ ಬ್ಲ್ಯಾಕು, ಬ್ರೌನು, ಬಿಟ್ಸು ಆರಿಸುತ್ತ.
ಅವಳಿಗೆ ಬರುತ್ತಿದ್ದ ಇಂಗ್ಲಿಷು ಆ ಮೂರೇ ಮಾತು.
ನನಗನಿಸುವುದು ಇಷ್ಟೆ:
ಅವಳು ಸೆರಗಲ್ಲಿ ಬೆವರೊರೆಸಿಕೊಂಡ ಗಳಿಗೆಯಲ್ಲಿ
ಕಣ್ತಪ್ಪಿ ಮುಂದೆ ಸರಿದು
ಎ ಗ್ರೇಡಿನ ಮೂಟೆಗೆ ಬಿದ್ದ ಕರಿಕಾಳು ನಾನು.
ಹಡಗು ಹತ್ತಿದ್ದೇನೆ. ಯಾವುದೋ ಊರಲ್ಲಿ
ಯಾರೋ ಮೂಟೆ ಬಿಚ್ಚುತ್ತಾರೆ.

ಅದಕ್ಕೇ ಅಂಕಿ ಬರೆಯುವಾಗ ಎಡಗೈ ಅಡ್ಡ ಇಡುತ್ತೇನೆ,
ಪರೀಕ್ಷೆಗೆ ಕೂತ ಹುಡುಗಿಯ ಹಾಗೆ.

ನನಗೆ ಚಮಚ ಹಿಡಿಯಲು ಕಲಿಸಿದ ಪೂವಯ್ಯನವರು
ನಿವೃತ್ತಿಯ ದಿನ ಹಾರ ತೆಗೆದು ಕುರ್ಚಿಗೆ ಹಾಕಿ
ಮೆಲ್ಲಗೆ ಅಂದರು:
"ಆರು ವರ್ಷದಿಂದ ನಿನ್ನ ಮುಖ ನೋಡಿ ನಂಬರು ಬರೀತಿದ್ದೆ ಮಾರಾಯ್ತಿ.
ನಂಗೆ ಕಹಿ ಬಿಟ್ಟು ಏನೂ ಗೊತ್ತಾಗ್ತಿರ್ಲಿಲ್ಲ."
ನಾನು ನಗಲಿಲ್ಲ.
ಆ ಆರು ವರ್ಷ ನಾನು ನೋಡುತ್ತಿದ್ದುದು ಅವರ ಮುಖ.

ರಾತ್ರಿ ಅಮ್ಮನನ್ನು ಕೇಳಿದೆ, ಹುರುಳಿ ಹಸನು ಮಾಡುತ್ತಿದ್ದಳು:
ನಿನ್ನ ಕಣ್ತಪ್ಪಿಸಿ ಎಷ್ಟು ಕಾಳು ಹೋಗಿರಬಹುದು?
ಮೊರದಿಂದ ತಲೆ ಎತ್ತಲಿಲ್ಲ.
"ಹೋಗಿರ್ತವೆ ಬುಡು, ಲೆಕ್ಕ ಯಾರ್ ಮಡಗವ್ರೆ.
ಹೋದವ್ನೂ ಹುರ್ದು ಕುಡ್ದವ್ರಲ್ಲ ಜನ.
ಒಬ್ರೂ ಸತ್ತಿಲ್ಲ."
ಕಲ್ಲೊಂದು ಸಿಕ್ಕಿತು, ಬಾಗಿಲಾಚೆ ಎಸೆದಳು.

ಬೆಳಿಗ್ಗೆ ಎಂಟಕ್ಕೆ ನೀರು ಕಾದಿತ್ತು.
ಸೋಮವಾರಪೇಟೆಯ ಲಾಟು, ಮೂರು ಬಟ್ಟಲು.
ಹೊಸ ಹುಡುಗ ಶಮೀರ ಚಮಚ ಹಿಡಿದು ನಿಂತಿದ್ದ,
ಕಣ್ಣು ಬಟ್ಟಲ ಮೇಲಿಲ್ಲ, ನನ್ನ ಮೇಲೆ.
ಮೇಲೆ ಕಟ್ಟಿದ ಪುಡಿಯ ಪೊರೆ ಒಡೆದೆ. ಸೊರ್ರೆಂದು ಎಳೆದೆ. ಉಗಿದೆ.
ಎರಡನೆಯದು, ಅನಿಸಿತು. ಹಿಂದೆಯೇ ಹಸಿಮಣ್ಣು.
ಅಥವಾ ಅದು ನನ್ನದೇ ಬಾಯೋ.
ಇನ್ನೊಮ್ಮೆ ಎಳೆದೆ.
"ನನ್ನ ಮುಖ ಬೇಡ," ಅಂದೆ ಅವನಿಗೆ, "ಗೋಡೆಗೆ ತಿರುಗು."

ಎಡಗೈ ತೆಗೆದು ಬರೆದೆ.
ನಡುಗಿತು ಸ್ವಲ್ಪ. ೨ ಬರೆದದ್ದು
೩ರ ಹಾಗೆ ಕಂಡಿತು.
ತಿದ್ದಿದೆ.