ಎಡಗಾಲಿ

ಅಣ್ಣಿಗೇರಿ ದಾಟೂದ್ರಾಗ ವಾಸನಿ ಬಂತು,
ಒಲಿಮ್ಯಾಲೆ ಹಂಚು ಮರತಂಗ.
ಬೇವಿನ ಗಿಡದ ಬುಡಕ್ಕ ನಿಲ್ಲಿಸಿದ್ವಿ
ಜೀಪು, ಅದರ ಬೆನ್ನಿಗೆ ನಮ್ಮ ಗಾಲಿಮನಿ:
ಎರಡು ಹಾಸಿಗಿ, ಒಂದು ಸ್ಟೋವು,
ಕಿಟಕಿಗೆ ನನ್ನ ಹಳೇ ಇಳಕಲ್ ಸೀರಿ.

ಇವರು ನೀರು ಚಿಮುಕಿಸಿದ್ರು.
ಎಡಗಡೆ ಡ್ರಮ್ಮು ಚುಂಯ್ ಅಂತು.
"ಇದರದ ಎಲ್ಲಾ ತಕರಾರು,
ಮೊದಲಿಂದ ತಲಿಬಿಸಿ ಇದು"
ಅಂತ ಬೂಟಿಲೆ ಒದ್ದರು.
ಆ ಮಾತಿನ ಗುರುತು ನನಗಿತ್ತು.

ಗದಗಿನಿಂದ ವೈರಿಂಗ್ ಮಾಬುಸಾಬ ಬಂದ,
ಲೂನಾದ ಮ್ಯಾಲೆ, ಚೀಲದಾಗ ಮೀಟರ್ ಇಟಗೊಂಡು.
ಬಿಸಿ ಗಾಲಿ ಕಡೆ ತಿರುಗಿ ಸೈತ ನೋಡಲಿಲ್ಲ.
ಬಲಗಡೆದಕ್ಕ ಅಂಗೈ ಹಚ್ಚಿದ,
ಎಮ್ಮಿ ಬೆನ್ನು ಸವರಿದಂಗ.
ತಣ್ಣಗ. ಗಡಗಿ ಹಂಗ ತಣ್ಣಗ.

"ಬ್ರೇಕ್ ಒತ್ರಿ ಸಾಹೇಬ್ರ."
ಎಡಕ್ಕ ಮುಳ್ಳು ಎದ್ದು ನಿಂತು,
ಬಲಕ್ಕ ಮಲಗಿತ್ತು.
ಇಲಿ ಕಡಿದ ನೀಲಿ ವೈರು ಎಳದು ತೋರಿಸಿದ:
"ಇದಕ್ಕ ಕರೆಂಟ ಮುಟ್ಟಿಲ್ರಿ.
ಇಬ್ಬರ ಭಾರ ಅದೊಂದ ಹಿಡದೈತಿ.
ಬಿಸಿ ಆಗದ ಏನ್ಮಾಡೀತು?"

ಇವರು ಬಹಳ ಹೊತ್ತು ಕನ್ನಡಕ ಒರಸಿದ್ರು.
ಆಮ್ಯಾಲೆ ಫ್ಲಾಸ್ಕು ತಾವ ಹುಡುಕಿ,
ಮುಚ್ಚಳ ತಾವ ತಿರುವಿ,
"ಚಾ ಹಾಕ್ಲೇನು ನಿನಗ?" ಅಂದ್ರು.

ಹಾಕ್ರಿ ಅಂದೆ.
ಡ್ರಮ್ಮು ಆರಾಕ ಇನ್ನೂ ಹೊತ್ತಿತ್ತು.