ಹುಳಿಯದ ರಸ

ಸಾಕ್ಷಿ ಹೇಳು ಎನ್ನುತ್ತೀರಿ.
ದಮಸ್ಕದ ದಾರಿಯ ಬೆಳಕು ನನ್ನಲ್ಲಿಲ್ಲ.
ಇರುವುದು ಬಲೆ ಹೊಲಿಯುವ ಒಂದು ಶೆಡ್ಡು,
ಹೊಗೆಯಾಡುವ ಸೀಮೆಎಣ್ಣೆ ಒಲೆ,
ಸ್ಕಾಟ್ಲೆಂಡಿನ ಈ ಮೂಲೆಗೆ ಮಾತ್ರ ಗೊತ್ತಿರುವ ಫೆಬ್ರವರಿಯ ಗಾಳಿ,
ಮತ್ತು ಎರಡು ಮಾತಿಗೆ ಮೂರನೆಯದು ಸೇರಿಸದ
ಗಿಲ್ಬರ್ಟ್ ಟೇಟ್ ಎಂಬ ಮುದುಕ.

ನಮ್ಮ ಬಂದರಿನಲ್ಲಿ ಬೆಸ್ತರು ಈಜು ಕಲಿಯುವುದಿಲ್ಲ.
ಬಿದ್ದರೆ ಬೇಗ ಮುಗಿಯಲಿ ಅಂತ, ಅಪ್ಪ ಹೇಳುತ್ತಿದ್ದ.
ಕುಡಿತದಲ್ಲೂ ನಾನು ಅದೇ ನಿಯಮ ಪಾಲಿಸಿದೆ.

ಹತ್ತು ದಿನ ಕಡಲು, ನಾಲ್ಕು ದಿನ ದಡ.
ದಡದ ನಾಲ್ಕು ದಿನ ನನಗೆ ನೆನಪಿರುತ್ತಿರಲಿಲ್ಲ,
ಮೋರಾಗ್‌ಗೆ ಎಲ್ಲ ನೆನಪಿರುತ್ತಿತ್ತು.
ಮನೆಗೆಲಸವನ್ನು ನಾವು ಹಾಗೆ ಹಂಚಿಕೊಂಡಿದ್ದೆವು.
ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವುದನ್ನೇ ಕಾಯುತ್ತ
ಕಡಲಹಕ್ಕಿಗಳೂ ನಾನೂ.
ಮಗಳ ಹಾಲುಹಲ್ಲು ಬಿದ್ದ ರಾತ್ರಿ
ಅವಳ ದಿಂಬಿನಡಿ ತಾಯಿ ಇಟ್ಟ ನಾಣ್ಯವನ್ನು
ಬೆಳಗಾಗುವ ಮುಂಚೆ ನಾನೇ ಎತ್ತಿಕೊಂಡು ಹೋದೆ.
ಇದನ್ನು ಈವರೆಗೆ ಈ ಸಭೆಯಲ್ಲಿ ಹೇಳಿರಲಿಲ್ಲ.

ದೋಣಿಯಿಂದ ಇಳಿಸಿದರು.
ಚಹಾದ ಲೋಟವನ್ನೂ ಹಿಡಿಯಲಾರದ ಕೈಗೆ
ಗಿಲ್ಬರ್ಟ್ ಬಲೆಯ ಸೂಜಿ ಕೊಟ್ಟ.
ತೂತು ನೋಡಬೇಡ, ಅಂದ.
ಬಲೆಯೆಂದರೇ ತೂತು. ಹರಿದದ್ದೆಲ್ಲಿ, ಅದನ್ನು ನೋಡು.
ಆಮೇಲೆ ಚಾಕು ತೆಗೆದು
ಹರಿದದ್ದನ್ನು ಇನ್ನಷ್ಟು ಕತ್ತರಿಸಿದ,
ಗಟ್ಟಿ ದಾರ ಸಿಗುವವರೆಗೆ.
ನಾನು ಮುಖ ತಿರುಗಿಸಿಕೊಂಡೆ.

ಒಂದು ದಿನ, ಮಾತಿಗೆ ಮಾತು ಬಂದು,
ಯೇಸು ಕರೆದಾಗ ಜೆಬೆದಾಯನ ಮಕ್ಕಳು
ಬಲೆ ಸರಿಮಾಡುತ್ತ ಕೂತಿದ್ದರು, ಅಂದ.
ಬಿಟ್ಟು ಹೊರಟೇಬಿಟ್ಟರಲ್ಲ,
ಆ ಅರ್ಧ ಬಲೆಯನ್ನು ಯಾರು ಮುಗಿಸಿದರು? ಕೇಳಿದೆ.
ಅಪ್ಪ, ಅಂದ.
ಯಾವ ಅಪ್ಪ ಎಂದು ನಾನು ಕೇಳಲಿಲ್ಲ.
ಒಲೆಯ ಬತ್ತಿ ಏರಿಸಿದ, ಅಷ್ಟೇ.

ಎರಡು ಸಲ ಜಾರಿದೆ.
ಎರಡನೆಯ ಸಲ ಮಂಜುಗಡ್ಡೆ ಕಾರ್ಖಾನೆಯ ಹಿಂದೆ
ನನ್ನ ವಾಂತಿಯ ಪಕ್ಕ ಬಂದು ಕೂತ,
ತೊಂಬತ್ತರ ಹತ್ತಿರದ ಮೊಣಕಾಲುಗಳನ್ನು ಹೇಗೋ ಮಡಚಿ.
ದೇವರ ಹೆಸರೆತ್ತಲಿಲ್ಲ.
ಗಾಳಿ ಉತ್ತರಕ್ಕೆ ತಿರುಗಿದೆ, ಅಂದ. ಹೌದು, ಅಂದೆ.
ಪ್ರಾರ್ಥನೆ ಎಂದು ನನಗೆ ಗೊತ್ತಾದದ್ದು ಮೊದಲು ಅದೇ.

ಇನ್ನು ಆ ಪಾತ್ರೆಯ ಮಾತು.
ಭಾನುವಾರ ರೊಟ್ಟಿ ಮುರಿದ ಮೇಲೆ
ಒಂದೇ ಬಟ್ಟಲು ಕೈಯಿಂದ ಕೈಗೆ.
ನನ್ನ ಸಾಲಿಗೆ ಬರುವ ಮುಂಚೆ ಅದರ ವಾಸನೆ ಬಂತು.
ಮೊಣಕಾಲಲ್ಲಿ ಬಂತು, ನಾಲಿಗೆಯ ಬೇರಿಗೆ ಬಂತು.
ಮುಟ್ಟದೆ ಮುಂದೆ ದಾಟಿಸಿದೆ.
ಅರವತ್ತು ಜನ ತಮ್ಮ ತಮ್ಮ ಬೂಟು ನೋಡಿಕೊಂಡರು.

ಮುಂದಿನ ಭಾನುವಾರ ಬಟ್ಟಲು ಬಂತು,
ವಾಸನೆ ಬರಲಿಲ್ಲ.
ಒಂದು ಗುಟುಕು. ಮಕ್ಕಳ ಹಬ್ಬದ ರುಚಿ:
ಜೀನಿ ಟೇಟ್ ತನ್ನ ಹಿತ್ತಲ ಹಣ್ಣು ಹಿಂಡಿ ಸೋಸಿದ
ಹುಳಿಯದ ರಸ.
ಯಾರೂ ಏನೂ ಘೋಷಿಸಲಿಲ್ಲ.
ಅರವತ್ತು ವರ್ಷ ಅದೇ ಬಟ್ಟಲಲ್ಲಿ ದ್ರಾಕ್ಷಾರಸ ಕುಡಿದು,
ಒಂದಕ್ಷರ ಬದಲಾದರೂ ಎದ್ದು ನಿಲ್ಲುವ ಮುದುಕರು
ಮುಖ ಸಿಂಡರಿಸದೆ ಕುಡಿದರು.
ಕೂಸಿಗೆ ಶೀತವಾದರೆ ತಾಯಿ ಪಥ್ಯ ಹಿಡಿಯುವ ಹಾಗೆ
ಇಡೀ ಸಭೆ ನನ್ನ ಪಥ್ಯ ಹಿಡಿಯಿತು.

ಅತ್ತದ್ದು ಆಗಲ್ಲ.
ಮನೆಗೆ ಹೋಗಿ, ಬೂಟಿನ ಲಾಡಿ ಬಿಚ್ಚುವಾಗ.

ಮೋರಾಗ್ ಮರಳಿಲ್ಲ.
ಮರಳಲಿ ಅಂತ ಬೇಡುವುದೂ ಇಲ್ಲ ನಾನು,
ಅವಳಿಗೆ ನಿದ್ದೆ ಬರಲಿ, ಅಷ್ಟೇ.
ಮಗಳಿಗೆ ಈಗ ಹದಿನಾಲ್ಕು.
ನಾಣ್ಯ ಹಿಂದಿರುಗಿಸಿದೆ.
ಬಡ್ಡಿ? ಅಂದಳು, ನಗದೆ.
ಕೊಡುತ್ತಿದ್ದೇನೆ.

ಗಂಟಲು ಈಗಲೂ ಶುಕ್ರವಾರ ಸಂಜೆ ಒಣಗುತ್ತದೆ.
ಗಿಲ್ಬರ್ಟ್ ಇಲ್ಲ, ಸೂಜಿ ನನ್ನ ಬಳಿ ಇದೆ.
ಸಾಕ್ಷಿ ಅಂದರೆ ಇಷ್ಟೇ, ಕೂರುತ್ತೇನೆ.
ಗಾಳಿ ಎದ್ದಿದೆ ಹೊರಗೆ,
ಶೆಡ್ಡಿನಲ್ಲಿ ಬಲೆ ಅರ್ಧಕ್ಕೇ ಇದೆ.